ಮಕ್ಕಳ ಲೆಕ್ಕವನ್ನು ಬೇಗ ಮುಗಿಸಬೇಡಿರಿ



ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಶ್ರೀಮಠಕ್ಕೆ ಕೆಲವು ತಂದೆಯಂದಿರು ತಲೆ ತಗ್ಗಿಸಿಕೊಂಡು ಬರುತ್ತಾರೆ. “ಹುಡುಗ ನಪಾಸಾದ್ರಿ, ಇನ್ನ ಮುಗೀತು” ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಹುಡುಗನ ಕಿವಿಗೂ ಆ ಮಾತು ಬೀಳುತ್ತದೆ. ಮಳೆ ನಂಬಿ ಬದುಕುವ ಜತ್ತ, ಅಕ್ಕಲಕೋಟೆ ಕಡೆಯ ಬಡ ಮನೆಗಳಲ್ಲಿ ಆ ಮಾತಿನ ಭಾರ ಇನ್ನೂ ಹೆಚ್ಚು. ಹೀಗೆ ಪೆಟ್ಟು ತಿಂದ ಮಗು ಯಾವ ಬಲದಿಂದ ಮತ್ತೆ ಏಳುತ್ತದೆ?

ಹವಾಯಿಯ ಕವಾಯಿ ದ್ವೀಪದಲ್ಲಿ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ವಿದುಷಿಯರು ಇದನ್ನೇ ಅಭ್ಯಾಸ ಮಾಡಿದರು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳ ಬಾಳನ್ನು 40 ವರ್ಷ ವಯಸ್ಸಿನವರೆಗೆ ಗಮನಿಸಿದರು. ಸುಮಾರು ಮೂರನೆಯ ಒಂದು ಭಾಗದ ಮಕ್ಕಳಿಗೆ ಬಡತನ, ಮನೆಯ ಕಲಹ ಮುಂತಾದ ಕಷ್ಟಗಳು ಒಂದರ ಮೇಲೊಂದು ಬಂದಿದ್ದವು. ಆದರೂ ಅವರಲ್ಲಿ 72 ಜನ ಹಾದಿ ತಪ್ಪದೆ ಸಮರ್ಥರಾಗಿ ಬೆಳೆದರು.

ಅವರೇನೂ ಅಸಾಧಾರಣ ಬುದ್ಧಿವಂತರಲ್ಲ. ಆದರೆ ಹತ್ತು ವರ್ಷಕ್ಕಾಗಲೇ ಚೆನ್ನಾಗಿ ಓದುತ್ತಿದ್ದರು. ಎದುರಾದ ತೊಡಕನ್ನು ವಿಚಾರಮಾಡಿ ಬಿಡಿಸಬಲ್ಲವರಾಗಿದ್ದರು. ಮನೆಯಲ್ಲೋ ಹೊರಗೋ ಅವರನ್ನು ನಂಬಿದ ಒಬ್ಬ ಹಿರಿಯರಿದ್ದರು. ಅನೇಕರಿಗೆ ಮನೆಗೆಲಸದ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯೂ ಇತ್ತು.

ಬಂಧುಗಳೇ, ಇದು ನಮಗೆ ಹೊಸ ಮಾತೇ? ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಂಬಿಗನೂ ಮಡಿವಾಳನೂ ಕೂತು ಪ್ರಶ್ನೆ ಕೇಳಿದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮನೆಯಲ್ಲಿ ಮಗ ಪ್ರಶ್ನೆ ಕೇಳಿದರೆ ಮಾತ್ರ “ಸುಮ್ಮನಿರು” ಎನ್ನುತ್ತೇವೆ.

ಒಂದು ವರ್ಷ ನಷ್ಟವಾಯಿತೆಂದು ವ್ಯಾಪಾರಿ ಅಂಗಡಿಗೆ ಬೀಗ ಹಾಕುವುದಿಲ್ಲ. ಖಾತೆ ತೆಗೆದು ಯಾವ ಬಾಬಿನಲ್ಲಿ ಹೋಯಿತೆಂದು ನೋಡುತ್ತಾನೆ. ಒಂದು ಬೆಳೆ ಒಣಗಿತೆಂದು ರೈತ ಹೊಲ ಬಿಡುವುದಿಲ್ಲ. ಈ ವಿವೇಕವನ್ನೇ ಮಕ್ಕಳಿಗೆ ಕಲಿಸಬೇಕು. ನಪಾಸಾದವನ ಜೊತೆ ಕೂತು ಕೇಳಿರಿ: ಆದದ್ದೇನು? ಅದರಲ್ಲಿ ನಿನ್ನ ಕೈಲಿದ್ದದ್ದೆಷ್ಟು? ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸ ಯಾವುದು? ಉತ್ತರ ಅವನೇ ಹುಡುಕಲಿ. ಗಣಿತದಲ್ಲಿ ಬಿದ್ದವನು ಬದುಕಿನಲ್ಲಿ ಬಿದ್ದಿಲ್ಲವೆಂಬುದು ಅವನಿಗೇ ತಿಳಿಯುತ್ತದೆ.

ವಿಚಾರವೊಂದರಿಂದಲೇ ಹೊಟ್ಟೆ ತುಂಬದು, ನಿಜ. ಕಷ್ಟದಲ್ಲಿದ್ದ ಆ ಮಕ್ಕಳಲ್ಲಿ ಉಳಿದವರು ಹದಿನೆಂಟರೊಳಗೆ ಒಂದಿಲ್ಲೊಂದು ತೊಂದರೆಗೆ ಸಿಕ್ಕಿದರು. ಫೀ ಕಟ್ಟಲಾಗದವನಿಗೆ ಫೀ ಕೊಡುವುದು, ಹಸಿದವನಿಗೆ ಅನ್ನ ನೀಡುವುದು ನಮ್ಮ ದಾಸೋಹದ ಪಾಲು. ಆದರೆ ಆ ಬಿದ್ದವರಲ್ಲೂ ಬಹುಪಾಲು ಮಂದಿ ಮುಂದೆ ಓದು, ಉದ್ಯೋಗ, ಒಳ್ಳೆಯ ದಾಂಪತ್ಯ, ಸತ್ಸಂಗಗಳಿಂದ ನಲವತ್ತರ ಹೊತ್ತಿಗೆ ಮೇಲೆದ್ದಿದ್ದರು.

ಆದ್ದರಿಂದ ಹದಿನಾರರ ಹುಡುಗನ ಖಾತೆಯ ಕೆಳಗೆ ಗೆರೆ ಎಳೆಯಬೇಡಿರಿ. ಈ ವಾರ ನಿಮ್ಮ ಓಣಿಯ ಅಂಥ ಒಂದು ಮಗುವನ್ನು ಕರೆದು ಕೂಡಿಸಿಕೊಂಡು ಮಾತಾಡಿಸಿರಿ. ಇಷ್ಟಲಿಂಗ ಪೂಜೆಯಷ್ಟೇ ಪವಿತ್ರವಾದ ಕಾಯಕವದು.



— ಕಾರ್ಯದರ್ಶಿ, ಶ್ರೀಮಠ