ಪೂರ್ತಿ ಯಾವುದು, ಅರ್ಧ ಯಾವುದು?

ಕ್ಯಾಮೆರಾ ವಿಚಾರ ಬರೀತೀನಿ ಅಂದಾಗ ನಮ್ಮ ವಾಚನಾಲಯದ ಹುಡುಗರು ನಕ್ಕರು. ಏಳನೇ ಕ್ಲಾಸು ಓದಿ, ಜೋಳ ಬಿತ್ತಿ, ಪದ ಹಾಡಿಕೊಂಡು ಅರವತ್ತು ದಾಟಿದವನಿಗೆ ಅದೇನು ಗೊತ್ತು ಅಂತ. ಗೊತ್ತಿರಲಿಲ್ಲ, ನಿಜ. ಮಗ ಹಸು ಮಾರೋಣ ಅಂದ ಮೇಲೆ ತಿಳಿದುಕೊಳ್ಳಬೇಕಾಯಿತು.

ಮಗ ಮದುವೆ, ಜಾತ್ರೆ ಫೋಟೋ ತೆಗೀತಾನೆ. ಅವನದು ಕ್ರಾಪ್ ಕ್ಯಾಮೆರಾ. ನಮಗೆ ಕ್ರಾಪು ಅಂದರೆ ಕ್ಷೌರದ ಅಂಗಡಿ. ಇಲ್ಲೂ ಕತ್ತರಿಸಿದ್ದು ಅಂತಲೇ ಅರ್ಥವಂತೆ. ಒಳಗೆ ಬೆಳಕು ಹಿಡಿಯೋ ಬಿಲ್ಲೆ, ಸೆನ್ಸಾರ್ ಅಂತಾರೆ, ಸುಮಾರು 24 ಮಿಲಿಮೀಟರ್ ಅಗಲ, 16 ಎತ್ತರ. ಫುಲ್ ಫ್ರೇಮಿನದು 36ಕ್ಕೆ 24. ಗುಣಿಸಿ ನೋಡಿ, ಎರಡೂಕಾಲು ಪಟ್ಟು. ಹೊಲ ದೊಡ್ಡದಾದರೆ ಅದರ ಮೇಲೆ ಬೀಳೋ ಮಳೆನೂ ಹೆಚ್ಚು. ಹಾಗೇ ದೊಡ್ಡ ಬಿಲ್ಲೆಗೆ ಬೆಳಕು ಹೆಚ್ಚು. ಕತ್ತಲಲ್ಲಿ ತೆಗೆದ ಚಿತ್ರ ರವೆರವೆಯಾಗೋದು ಕಡಿಮೆ. ಇದು ಸುಳ್ಳಲ್ಲ. ದೀಪದ ಬೆಳಕಲ್ಲಿ ನಾನು ಹಾಡುವಾಗ ಅವನು ತೆಗೆದ ಚಿತ್ರದಲ್ಲಿ ನನ್ನ ಮುಖ ಉಪ್ಪಿಟ್ಟಿನ ಹಾಗೆ ಬಂದಿತ್ತು.

ಆದರೆ ಅವನು ಹೇಳಿದ್ದು ಬೆಳಕಿನ ಮಾತಲ್ಲ. "ಅಪ್ಪಾ, ಮದುವೆ ಮನೆಯವರು ಬಂದ ಕೂಡಲೇ ಫುಲ್ ಫ್ರೇಮಾ ಅಂತ ಕೇಳ್ತಾರೆ. ಇಲ್ಲ ಅನ್ನೋಕೆ ನಾಚಿಕೆ" ಅಂದ.

ಆ ನಾಚಿಕೆ ನನಗೆ ಗೊತ್ತು. ನಾನು ಮೈಕ್ ಸೆಟ್ಟು ಕೊಂಡ ಹೊಸದರಲ್ಲಿ ಒಬ್ಬ ಮುದುಕಮ್ಮ ಬಂದು, ಮೊಮ್ಮಗಳಿಗೆ ಹೆಸರಿಡ್ತೀವಿ, ಎರಡು ತೊಟ್ಟಿಲ ಪದ ಹೇಳಪ್ಪಾ ಅಂದಳು. ಆ ಮನೆಗೆ ಕರೆಂಟಿಲ್ಲ. ಮೈಕಿಲ್ಲದೆ ಹಾಡಿದರೆ ನನ್ನ ಬೆಲೆ ಇಳಿಯುತ್ತೆ ಅಂತ ಹೋಗಲಿಲ್ಲ. ಎರಡು ಅಂಕಣದ ಮನೆ, ಹತ್ತು ಜನ. ಅಲ್ಲಿಗೆ ಮೈಕ್ ಯಾಕೆ? ಮುದುಕಮ್ಮ ಈಗಿಲ್ಲ. ಆ ಕೂಸಿಗೆ ಮದುವೆ ವಯಸ್ಸು. ಎದುರಿಗೆ ಬಂದರೆ ನಾನೇ ತಲೆ ತಗ್ಗಿಸ್ತೀನಿ.

ಈ 'ಫುಲ್' ಅನ್ನೋ ಹೆಸರು ಯಾರಿಟ್ಟದ್ದು ಅಂತ ಮೇಷ್ಟ್ರನ್ನ ಕೇಳಿದೆ. ಅವರು ಓದಿ ಹೇಳಿದರು. ಜರ್ಮನಿಯಲ್ಲಿ ಆಸ್ಕರ್ ಬಾರ್ನಾಕ್ ಅಂತ ಒಬ್ಬರು ಸಿನಿಮಾ ರೀಲನ್ನ ಅಡ್ಡ ಓಡಿಸಿ, ಎರಡು ಸಿನಿಮಾ ಚಿತ್ರದ ಜಾಗಕ್ಕೆ ಒಂದು ಫೋಟೋ ಹಿಡಿಸಿದರು. 36ಕ್ಕೆ 24 ಬಂದದ್ದು ಹಾಗೆ. ಆ ಲೈಕಾ ಕ್ಯಾಮೆರಾ 1925ರಲ್ಲಿ ಮಾರಾಟಕ್ಕೆ ಬಂತು. ಆವತ್ತು ಅದೇ ಚಿಕ್ಕ ಕ್ಯಾಮೆರಾ! ಈಗ 44ಕ್ಕೆ 33ರ ಬಿಲ್ಲೆಯದೂ ಉಂಟು. ಅದರ ಮುಂದೆ ಈ ಫುಲ್ಲೂ ಕ್ರಾಪೇ. ನಮ್ಮ ಶರವಣಂಪಟ್ಟಿಯಲ್ಲಿ ಎಕರೆ ಲೆಕ್ಕದಲ್ಲಿ ಮಾತಾಡ್ತಿದ್ದ ಭೂಮೀನ ಸಾಫ್ಟ್‌ವೇರ್ ಕಟ್ಟಡ ಬಂದ ಮೇಲೆ ಸೆಂಟಿನಲ್ಲಿ ಮಾತಾಡ್ತೀವಿ. ಐದು ಸೆಂಟು ಇದ್ದರೆ ಈಗ ಅನುಕೂಲಸ್ಥ.

ಚಿಕ್ಕದಕ್ಕೂ ಒಂದು ಗುಣ ಇದೆ. 200ರ ಲೆನ್ಸ್ ಹಾಕಿದರೆ 300ರದು ಹಾಕಿದಷ್ಟು ಹತ್ತಿರ ಕಾಣುತ್ತೆ. ಜೋಳ ತಿನ್ನೋಕೆ ಬರೋ ನವಿಲನ್ನ ಅವನು ಬದುವಿನ ಮೇಲೆ ನಿಂತೇ ಹಿಡಿದ, ಕಣ್ಣಿನ ಸುತ್ತಿನ ಬಿಳಿ ಕೂಡ ಕಾಣುತ್ತೆ. (ನವಿಲು ಚೆಂದ, ಜೋಳ ಹೋಯಿತು.)

ಹಾಗಾದರೆ ಎರಡೂ ಇಟ್ಟುಕೊಳ್ತೀನಿ ಅಂದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡೂ ಇಟ್ಟುಕೊಂಡಿಲ್ವಾ ಅಂತ ನನಗೇ ಕೇಳಿದ. ಮಾತಿಗೆ ಬಡ್ಡಿ ಕಟ್ಟೋ ಹಾಗಿಲ್ಲ ಮಗಾ ಅಂದೆ. ಕ್ರಾಪಿನ ಲೆನ್ಸನ್ನ ಫುಲ್ಲಿಗೆ ಹಾಕಿದರೆ ನಡುವಿನ ಜಾಗ ಮಾತ್ರ ಕೆಲಸಕ್ಕೆ ಬರೋದಂತೆ. ಅಂದರೆ ಲೆನ್ಸೂ ಹೊಸದು ಬೇಕು. ಇವತ್ತು ಒಂದು ಹಸು ಹೋದರೆ ನಾಳೆ ಇನ್ನೊಂದು.

ಹಸು ಮಾರಲಿಲ್ಲ. ಕೊಯಮತ್ತೂರಲ್ಲಿ ಕ್ಯಾಮೆರಾ ದಿನಬಾಡಿಗೆಗೆ ಸಿಗುತ್ತೆ. ಹೋದ ತಿಂಗಳು ಒಂದು ಮದುವೆಯ ಹಿಂದಿನ ರಾತ್ರಿಯ ಶಾಸ್ತ್ರಕ್ಕೆ ತಂದ. ಬಾಡಿಗೆ ನಾನು ಹಾಲಿನ ದುಡ್ಡಲ್ಲಿ ಕೊಟ್ಟೆ. ಚಿತ್ರ ಚೆನ್ನಾಗಿಯೇ ಬಂದಿದೆ, ಸುಳ್ಳು ಹೇಳಬಾರದು. ಅವನಿಗೆ ಆಸೆ ಹೋಗಿಲ್ಲ. ಚೀಟಿ ಹಾಕಿದಾನೆ.