ಇಂದಿನ ಧಮ್ಮ ಚಿಂತನೆ: ಈ ಬೊಂಬೆ ಮಾಡಿದವರು ಯಾರು?



19ನೇ ಶತಮಾನದ ಯುರೋಪಿನ ಮಕ್ಕಳು ಇಟಲಿಯ ಕೋಡಂಗಿ ಹಾರ್ಲೆಕ್ವಿನ್‌ನ ಅಚ್ಚಿನ ಚಿತ್ರ ಕತ್ತರಿಸಿ ಆಟ ಆಡಿಸುತ್ತಿದ್ದರು. ನಮ್ಮ ತೊಗಲುಬೊಂಬೆಯಾಟದ ಕೋಡಂಗಿ ಕಿಳ್ಳೇಕ್ಯಾತ. ಆಡಿಸುವ ಸಮುದಾಯಕ್ಕೂ ಅದೇ ಹೆಸರು. ತೊಗಲು ಮುಟ್ಟಿದರೆ ಮೈಲಿಗೆ, ಅದೇ ತೊಗಲು ಪರದೆಯ ಮೇಲೆ ರಾಮನಾದರೆ ಕೈ ಮುಗಿಯುತ್ತಾರೆ!

ಸಂಯುತ್ತ ನಿಕಾಯದಲ್ಲಿ ಮಾರನು ಭಿಕ್ಖುಣಿ ಸೇಲಾಳನ್ನು ಹೆದರಿಸಲು ಬಂದು, ಈ ದೇಹವೆಂಬ ಬೊಂಬೆ ಮಾಡಿದವರು ಯಾರು ಎಂದು ಕೇಳುತ್ತಾನೆ. ತಾನೇ ಮಾಡಿಕೊಂಡದ್ದಲ್ಲ, ಇನ್ನೊಬ್ಬರು ಮಾಡಿದ್ದೂ ಅಲ್ಲ, ಕಾರಣದಿಂದ ಹುಟ್ಟಿತು, ಕಾರಣ ಮುರಿದರೆ ಇಲ್ಲವಾಗುತ್ತದೆ ಎನ್ನುತ್ತಾಳೆ ಆಕೆ. ಮಣ್ಣಿನ ಸಾರ, ತೇವ ಎರಡೂ ಸಿಕ್ಕಿ ಮೊಳೆಯುವ ಬೀಜದ ಹಾಗೆ. ಆಲೂರಿನ ಗದ್ದೆ, ಸಕಲೇಶಪುರದ ತೋಟಗಳಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಹುಟ್ಟಿನಿಂದ ಕೀಳು ಎಂಬ ಬೊಂಬೆಯನ್ನೂ ದೇವರು ಕತ್ತರಿಸಲಿಲ್ಲ. ಬಾಬಾಸಾಹೇಬರು 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಹುಡುಕಿದ್ದು ಅದರ ಕಾರಣಗಳನ್ನೇ.

ಸೇಲಾ ನನ್ನನ್ನು ಗುರುತಿಸಿಬಿಟ್ಟಳು ಎಂದು ಮಾರ ಮುಖ ಬಾಡಿಸಿಕೊಂಡು ಅಲ್ಲಿಂದ ಮರೆಯಾದ.