ಕುಂಟೆಬಿಲ್ಲೆ ಮತ್ತು ಗ್ರಾಫಿಕ್ಸ್ ಕಾರ್ಡ್

ವೇಷ ಕಟ್ಟಿ ಆಡುವ ಆನ್‌ಲೈನ್ ಆಟಗಳು ಒಳಗೆ ಬರುವವರಿಗೆಲ್ಲ ಒಂದು ಮಾತು ಕೊಡುತ್ತವೆ. ಹೊರಗೆ ನೀವು ಯಾರೇ ಆಗಿರಿ, ಇಲ್ಲಿ ಒಂದನೇ ಹಂತದಿಂದಲೇ ಶುರು. ಮೈಮೇಲೊಂದು ಸಾದಾ ಅಂಗಿ, ಕೈಯಲ್ಲೊಂದು ಮೊಂಡು ಕತ್ತಿ, ಎದುರಿಗೆ ಓಡಾಡುವ ನಾಲ್ಕು ತೋಳಗಳು. ಮುಂದಿನದು ನಿಮ್ಮ ಶ್ರಮ, ನಿಮ್ಮ ಜಾಣತನ, ನಿಮ್ಮ ಗೆಳೆತನಗಳಿಗೆ ಬಿಟ್ಟದ್ದು. ಅಪ್ಪನ ಆಸ್ತಿಯಾಗಲಿ ಮನೆತನದ ಹೆಸರಾಗಲಿ ಇಲ್ಲಿ ಕೆಲಸಕ್ಕೆ ಬಾರದು. ಇಂಥ ಸಮಾನತೆಯನ್ನು ಹೊರಗಿನ ಯಾವ ಊರೂ ಕೊಟ್ಟಿಲ್ಲವಾದ್ದರಿಂದ ಈ ಲೋಕಗಳು ಲಕ್ಷಾಂತರ ಜನರನ್ನು ಸೆಳೆದದ್ದರಲ್ಲಿ ಆಶ್ಚರ್ಯವಿಲ್ಲ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟಕ್ಕೆ 2010ರ ಹೊತ್ತಿಗೆ 1.2 ಕೋಟಿ ಚಂದಾದಾರರಿದ್ದರು.

ಆದರೆ ಆ ಲೋಕದ ಹೊಸ್ತಿಲಲ್ಲೇ ಒಂದು ಚೀಟಿ ಅಂಟಿಸಿರುತ್ತದೆ. ವಾರ್‌ಕ್ರಾಫ್ಟ್ ಮೊದಲು ಬಂದಾಗ ಆ ಚೀಟಿ ಹೀಗಿತ್ತು: ಕನಿಷ್ಠ 800 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 32 ಎಂಬಿಯ ಗ್ರಾಫಿಕ್ಸ್ ಕಾರ್ಡ್. ಆ ಕಾಲಕ್ಕೆ ಇದು ಉದಾರವಾದ ಚೀಟಿಯೇ. ನಿಜದಂತೆ ಕಾಣಬೇಕೆಂಬ ಹಟ ಬಿಟ್ಟು, ಮಕ್ಕಳ ಚಿತ್ರಪುಸ್ತಕದ ಹಾಗೆ ದಪ್ಪ ಗೆರೆ, ದಟ್ಟ ಬಣ್ಣಗಳಲ್ಲಿ ಆ ಲೋಕವನ್ನು ಬರೆದಿದ್ದರಿಂದ ಸಾಧಾರಣ ಯಂತ್ರಗಳಲ್ಲೂ ಅದು ನಡೆಯುತ್ತಿತ್ತು. ತೊಂದರೆ ಇದ್ದದ್ದು ‘ನಡೆಯುತ್ತದೆ’ ಎಂಬ ಮಾತಿನಲ್ಲಿ. ಒಬ್ಬನೇ ಕಾಡಿನಲ್ಲಿ ಅಲೆಯುವಾಗ ನಡೆಯುವ ಯಂತ್ರ, 40 ಜನ ಒಟ್ಟಾಗಿ ಒಂದು ಬೆಂಕಿಯ ಗುಹೆಗೆ ನುಗ್ಗಿ ಎಲ್ಲರೂ ಒಂದೇ ಸಲ ಮಂತ್ರ ಹಾಕಿದಾಗ ಏದುಸಿರು ಬಿಡತೊಡಗುತ್ತದೆ.

ಇದನ್ನು ಆಡಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ತೆರೆಯ ಮೇಲಿನ ಚಲನೆ ಎಂದರೆ ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳು. ಒಳ್ಳೆಯ ಯಂತ್ರ ಸೆಕೆಂಡಿಗೆ 60 ಚಿತ್ರ ಬರೆದರೆ ಒಂದೊಂದೂ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಬಡ ಯಂತ್ರ 10 ಚಿತ್ರ ಬರೆದರೆ 100 ಮಿಲಿಸೆಕೆಂಡಿಗೊಮ್ಮೆ. ಇದು ಕಣ್ಣಿಗೆ ಕುಲುಕಾಟವಾಗಿ ಕಾಣುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಆಟಗಾರ ಗುಂಡಿ ಒತ್ತಿದ್ದಕ್ಕೂ ಪಾತ್ರದ ಕೈ ಎದ್ದದ್ದಕ್ಕೂ ನಡುವೆ ಬಿರುಕು ಬೀಳುತ್ತದೆ. ಯಕ್ಷಗಾನದ ವೇಷಧಾರಿ ಹೆಜ್ಜೆ ಇಟ್ಟ ಮೇಲೆ ಚಂಡೆಯ ಪೆಟ್ಟು ಪ್ರತಿ ಸಲವೂ ಅರೆಗಳಿಗೆ ತಡವಾಗಿ ಬಂದರೆ ಹೇಗಿರುತ್ತದೆ ಎಂದು ಊಹಿಸಿ. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ತಾನು ಕುಣಿಯುತ್ತಿದ್ದೇನೆ ಅನ್ನಿಸುವುದು ನಿಲ್ಲುತ್ತದೆ, ಯಾರೋ ತನ್ನನ್ನು ಎಳೆದಾಡುತ್ತಿದ್ದಾರೆ ಅನ್ನಿಸತೊಡಗುತ್ತದೆ. ಹಳೆಯ ಕಂಪ್ಯೂಟರು ಕಸಿಯುವುದು ಮುಖ್ಯವಾಗಿ ಇದನ್ನು. ಮರಗಳ ಎಲೆ ಚೂಪಾಗಿ ಕಾಣದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಮಾಡಿದ ಕೆಲಸ ನಾನೇ ಮಾಡಿದ್ದು ಎಂಬ ಭಾವ ಹೋದರೆ ಆಟವೇ ಹೋದಂತೆ.

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರಲ್ಲಿ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕ ಬರೆದ. ಆಟ ಎಂದರೇನು ಎಂಬುದಕ್ಕೆ ವ್ಯಾಖ್ಯೆ ಕೊಡಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದವರಿಗೆ ಅವನು ಒಂದು ಸರಳ ಉತ್ತರ ಕೊಟ್ಟ: ಬೇಕಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ನೋಡುವುದೇ ಆಟ. ನಮ್ಮ ಕುಂಟೆಬಿಲ್ಲೆಯನ್ನೇ ನೋಡಿ. ಗಟ್ಟಿಮುಟ್ಟಾದ ಎರಡು ಕಾಲಿರುವ ಹುಡುಗಿ ಒಂದನ್ನು ಮಡಚಿಕೊಂಡು ಕುಂಟುತ್ತಾಳೆ. ನೆಟ್ಟಗೆ ನಡೆದು ಹೋಗಿ ಬಿಲ್ಲೆ ಎತ್ತಿಕೊಂಡು ಬಂದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಆಗ ಆಟವೇ ಇರುವುದಿಲ್ಲ. ಕುಂಟುವುದು ಅವಳು ಒಪ್ಪಿಕೊಂಡ ಅಡ್ಡಿ. ಈಗ ಅದೇ ಅಂಗಳದಲ್ಲಿ ಇನ್ನೊಬ್ಬಳ ಕಾಲಿಗೆ ಮುಳ್ಳು ಚುಚ್ಚಿದೆ ಎನ್ನಿ. ಅವಳೂ ಕುಂಟುತ್ತಿದ್ದಾಳೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಆದರೆ ಮುಳ್ಳಿನ ಕುಂಟನ್ನು ಅವಳು ಒಪ್ಪಿಕೊಂಡಿರಲಿಲ್ಲ, ಗೆರೆ ತುಳಿದು ಔಟಾದರೆ ಆ ಸೋಲಿನಲ್ಲಿ ಅವಳಿಗೆ ಕಲಿಯುವಂಥದ್ದೇನೂ ಸಿಗುವುದಿಲ್ಲ.

ಆಟದ ರಾಕ್ಷಸನ ಕೈಯಲ್ಲಿ ಹತ್ತು ಸಲ ಸತ್ತವನಿಗೆ ಹನ್ನೊಂದನೇ ಸಲ ಉತ್ಸಾಹ ಇರುತ್ತದೆ. ಫ್ಯಾನು ಬೊಬ್ಬೆ ಹೊಡೆದು ತೆರೆ ಗಕ್ಕನೆ ನಿಂತು, ಮತ್ತೆ ಚಲಿಸುವಷ್ಟರಲ್ಲಿ ತಾನು ಹೆಣವಾಗಿ ಬಿದ್ದಿರುವುದನ್ನು ಕಂಡವನಿಗೆ ಎರಡೇ ಸಲಕ್ಕೆ ಸಾಕಾಗುತ್ತದೆ. ಎರಡೂ ಸೋಲೇ. ಮೊದಲನೆಯದು ಅವನದು, ಎರಡನೆಯದು ಅವನ ಜೇಬಿನದು.

ಇಷ್ಟಾಗಿದ್ದರೆ ಇದು ಅವನೊಬ್ಬನ ಸಂಕಟವಾಗಿ ಉಳಿಯುತ್ತಿತ್ತು. ಜೊತೆಗೂಡಿ ಆಡುವ ಲೋಕದಲ್ಲಿ ಇನ್ನೂ ಒಂದು ಸಂಗತಿ ನಡೆಯುತ್ತದೆ, ನನಗೆ ಹೆಚ್ಚು ಕಾಡುವುದು ಅದು. ಅಲ್ಲಿ ಯಾರಿಗೂ ಇನ್ನೊಬ್ಬರ ಯಂತ್ರ ಕಾಣಿಸುವುದಿಲ್ಲ, ವೇಷ ಮಾತ್ರ ಕಾಣಿಸುತ್ತದೆ. ತಡವಾಗಿ ಕತ್ತಿ ಬೀಸಿದವನು ಮಂದ, ಬೆಂಕಿಯಿಂದ ಪಕ್ಕಕ್ಕೆ ಸರಿಯದವಳು ಅಜಾಗರೂಕಿ, ದೊಡ್ಡ ಕಾಳಗಕ್ಕೆ ಕರೆದಾಗೆಲ್ಲ ನೆಪ ಹೇಳುವವನು ಪುಕ್ಕಲ. ಗ್ರಾಫಿಕ್ಸ್ ಕಾರ್ಡಿನ ಬಡತನ ಮನುಷ್ಯನ ಸ್ವಭಾವವಾಗಿ ಓದಿಸಿಕೊಳ್ಳುತ್ತದೆ. ಕೊನೆಗೆ ಅವನೂ ತನ್ನನ್ನು ಹಾಗೇ ಓದಿಕೊಳ್ಳತೊಡಗುತ್ತಾನೆ. ಜನಜಂಗುಳಿಯ ಪಟ್ಟಣಗಳಿಗೆ ಹೋದರೆ ಯಂತ್ರ ತಡವರಿಸುತ್ತದೆಂದು ಹೊಳೆಯ ದಡದಲ್ಲಿ ಒಬ್ಬನೇ ಮೀನು ಹಿಡಿಯುತ್ತ ಕೂರುತ್ತಾನೆ. ಕಾಳಗದ ನಡುವೆ ಪಾತ್ರದ ಕಣ್ಣನ್ನು ನೆಲಕ್ಕೆ ತಿರುಗಿಸುತ್ತಾನೆ. ನೋಡಲು ಕಡಿಮೆ ಇದ್ದಷ್ಟೂ ಯಂತ್ರಕ್ಕೆ ಬರೆಯುವ ಕೆಲಸ ಕಡಿಮೆ.

ನಮ್ಮ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಗೆಳೆಯನೊಬ್ಬ ಯಾವ ಆಟಕ್ಕೆ ಹೋದರೂ ಗಾಯ ವಾಸಿಮಾಡುವ ವೈದ್ಯನ ವೇಷವನ್ನೇ ತೊಡುತ್ತಿದ್ದ. ಅವನ ತಂಡದ ಫಿಲಿಪ್ಪೀನ್ಸಿನ ಹುಡುಗಿಯೊಬ್ಬಳು ಅವನ ಸೇವಾಭಾವವನ್ನು ಬಾಯ್ತುಂಬ ಹೊಗಳುತ್ತಿದ್ದಳು. ಅವನು ನಮಗೆ ಹೇಳುತ್ತಿದ್ದದ್ದು ಬೇರೆ: “ವೈದ್ಯನಾದ್ರೆ ಎಲ್ಲರ ಪ್ರಾಣದ ಪಟ್ಟಿ ಒಂದನ್ನೇ ನೋಡ್ತಾ ಕೂತ್ರೆ ಸಾಕು ಮಾರಾಯ. ಬೇರೆ ಯಾವುದೂ ನನ್ನ ಡಬ್ಬದಲ್ಲಿ ಓಡಲ್ಲ.” ಮೇಳದಲ್ಲಿ ಯಾರು ಯಾವ ವೇಷ ಮಾಡಬೇಕೆಂಬುದನ್ನು ಆಳ್ತನ, ಕಂಠಗಳು ನಿರ್ಧರಿಸುತ್ತವೆ. ಇಲ್ಲಿ ಅದನ್ನು ನಿರ್ಧರಿಸಿದ್ದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು.

ದೂರದ ಮಾತೂ ಇದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರವಾಗಿ ಗೆರೆ ಎಳೆದರೂ ಸುಮಾರು 7,400 ಕಿಲೋಮೀಟರ್. ಸರ್ವರ್ ಅಲ್ಲಿದ್ದರೆ ಹೋಗಿ ಬರಲು 74 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ಲು ನೇರವಾಗಿ ಹೋಗುವುದಿಲ್ಲವಾದ್ದರಿಂದ ಇನ್ನೂ ಹೆಚ್ಚೇ. ಎಂಥ ಯಂತ್ರ ತಂದರೂ ಇದು ನೀಗದು. ಬಡ ಯಂತ್ರದ ತಡವರಿಕೆಗೂ ದೂರದ ತಡಕ್ಕೂ ಆಟಗಾರರು ‘ಲ್ಯಾಗ್’ ಎಂಬ ಒಂದೇ ಮಾತು ಬಳಸುತ್ತಾರೆ. ಒಂದಕ್ಕೆ ಕಾರಣ ಹಣ, ಇನ್ನೊಂದಕ್ಕೆ ಭೂಗೋಳ. ಎರಡಕ್ಕೂ ಬೈಗುಳ ತಿನ್ನುವವನು ಮಾತ್ರ ಒಬ್ಬನೇ.

ಸಾಹಿತ್ಯದ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು: ಕಲ್ಪನೆ ಇರುವವನಿಗೆ ಇಷ್ಟೆಲ್ಲ ಯಂತ್ರ ಯಾಕೆ? ಆಕ್ಷೇಪದಲ್ಲಿ ಹುರುಳಿದೆ. ಈ ಜಾತಿಯ ಆಟಗಳ ಹಿರಿಯಜ್ಜ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಕೋಣೆ ಹೇಗಿದೆಯೆಂದು ಎರಡು ಸಾಲು ಬರುತ್ತಿತ್ತು, ಆಡುವವರು ಉತ್ತರಕ್ಕೆ ಹೋಗು, ಕತ್ತಿ ಎತ್ತಿಕೋ ಎಂದು ಟೈಪ್ ಮಾಡುತ್ತಿದ್ದರು. ಅಕ್ಷರ ತೋರಿಸಬಲ್ಲ ಯಾವ ಯಂತ್ರದಲ್ಲೂ ಆ ಕತ್ತಲ ಕೋಣೆ ಅಷ್ಟೇ ಕತ್ತಲಾಗಿತ್ತು. ಪುಸ್ತಕದ ವಿಷಯವೂ ಹೀಗೇ, ರಾಯಲ್ ಪ್ರತಿಯಲ್ಲಿ ಓದಿದರೂ ಹರಿದ ಪ್ರತಿಯಲ್ಲಿ ಓದಿದರೂ ಸಾಲು ಅದೇ. (ಕನ್ನಡಕ ಬೇಕಾಗಿಯೂ ಕೊಳ್ಳಲಾಗದವರು ಈ ಮಾತನ್ನು ಒಪ್ಪಲಿಕ್ಕಿಲ್ಲ.) ಆದರೆ ಕಲ್ಪನೆ ತುಂಬಿಕೊಡುವುದು ಚಿತ್ರದಲ್ಲಿ ಬಿಟ್ಟುಹೋದದ್ದನ್ನು. ಮಸುಕಾದ ಬೆಟ್ಟವನ್ನು ಅದು ಬೆಟ್ಟವನ್ನಾಗಿ ಮಾಡಬಲ್ಲದು. ಕಳೆದುಹೋದ ಕಾಲು ಸೆಕೆಂಡನ್ನು ಯಾವ ಕಲ್ಪನೆಯೂ ತಂದುಕೊಡಲಾರದು.

ಯಂತ್ರದ ಪ್ರಶ್ನೆ ತಾಂತ್ರಿಕವಾಗಿ ಕಂಡರೂ ಒಳಗೆ ನೈತಿಕವಾದದ್ದು ಎಂಬುದು ನನಗೆ ಹೊಳೆದದ್ದು ಒಂದು ಹೂಕುಂಡದ ಕತೆಯಿಂದ. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ 2010ರಲ್ಲಿ ‘ಫೈನಲ್ ಫ್ಯಾಂಟಸಿ 14’ ಎಂಬ ಆಟ ಬಿಡುಗಡೆ ಮಾಡಿತು. ನೋಡಲು ಬಹಳ ಚೆಲುವಾದ ಲೋಕ. ಅದು ಸೋತು ನೆಲಕಚ್ಚಿದ ಮೇಲೆ ಹೊಣೆ ಹೊತ್ತ ನವೊಕಿ ಯೊಶಿದಾ, ತಪ್ಪಿದ್ದೆಲ್ಲಿ ಎಂದು ವಿವರಿಸುವಾಗ ಅಲ್ಲಿದ್ದ ಒಂದು ಹೂಕುಂಡವನ್ನು ತೋರಿಸಿದರು. ಮೂರು ಆಯಾಮದ ಯಾವ ವಸ್ತುವನ್ನಾದರೂ ಪುಟ್ಟ ಪುಟ್ಟ ಚಪ್ಪಟೆ ತುಂಡುಗಳನ್ನು ಜೋಡಿಸಿ ಕಟ್ಟುತ್ತಾರೆ. ಆ ಒಂದು ಕುಂಡಕ್ಕೆ ಬಳಸಿದ್ದ ತುಂಡುಗಳು ಸುಮಾರು 1000, ಅಂದರೆ ಒಬ್ಬ ಆಟಗಾರನ ಇಡೀ ದೇಹಕ್ಕೆ ಬಳಸಿದಷ್ಟು. ಪರಿಣಾಮವಾಗಿ ತೆರೆಯ ಮೇಲೆ ಒಮ್ಮೆಗೆ ಸುಮಾರು 20 ಜನರನ್ನಷ್ಟೇ ತೋರಿಸಲು ಆಗುತ್ತಿತ್ತು. ಎದುರಿಗೆ ಜನ ನಿಂತಿದ್ದರೂ ಕಾಣುತ್ತಿರಲಿಲ್ಲ, ಕುಂಡ ಕಾಣುತ್ತಿತ್ತು.

ಮದುವೆ ಮನೆಯ ಚಪ್ಪರವನ್ನೆಲ್ಲ ಅಲಂಕಾರವೇ ತಿಂದುಹಾಕಿ ನೆಂಟರು ಬೀದಿಯಲ್ಲಿ ನಿಂತ ಹಾಗೆ. ಕುಂಡ ಚಂದವಿರಬಾರದು ಎಂದಲ್ಲ. ಯಂತ್ರದ ಶಕ್ತಿಗೆ ಮಿತಿ ಇರುವ ತನಕ ಅದನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆ ಎಂಬುದು ಯಾರಿಗೆ ಜಾಗ ಬಿಡುತ್ತೇವೆ ಎಂಬ ನಿರ್ಧಾರವೇ ಆಗಿರುತ್ತದೆ. ಯೊಶಿದಾ ತಂಡ 2012ರಲ್ಲಿ ಆ ಲೋಕವನ್ನು ಕತೆಯೊಳಗೇ ಪ್ರಳಯ ಮಾಡಿಸಿ ಮುಚ್ಚಿ, 2013ರಲ್ಲಿ ಹೊಸದಾಗಿ ಕಟ್ಟಿ ತೆರೆಯಿತು. ಈ ಸಲ ಅದು 2006ರ ಯಂತ್ರವಾದ ಪ್ಲೇಸ್ಟೇಷನ್ 3ರಲ್ಲೂ ನಡೆಯುವಂತಿತ್ತು.

ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ‘ಈವ್ ಆನ್‌ಲೈನ್’ ಇದೇ ಪ್ರಶ್ನೆಗೆ ಇನ್ನೊಂದು ದಾರಿ ಹುಡುಕಿತು. ಅಲ್ಲಿ ಆಕಾಶನೌಕೆಗಳ ಕಾಳಗಕ್ಕೆ ಸಾವಿರಾರು ಜನ ಒಂದೇ ಜಾಗದಲ್ಲಿ ಸೇರುತ್ತಾರೆ. ಆಗ ಏದುಸಿರು ಬಿಡುವುದು ಕಂಪನಿಯ ಸರ್ವರೇ. ಕೆಲವರ ಆಜ್ಞೆ ಈಗ, ಕೆಲವರದು ಇನ್ಯಾವಾಗಲೋ ಎಂಬ ಅರಾಜಕತೆ ಬೇಡವೆಂದು ಅವರು ಕಾಲವನ್ನೇ ಹಿಗ್ಗಿಸಿದರು. ಹೊರೆ ಹೆಚ್ಚಿದಂತೆ ಆ ಪ್ರದೇಶದಲ್ಲಿ ಎಲ್ಲರ ಸಮಯವೂ ಒಂದೇ ಪ್ರಮಾಣದಲ್ಲಿ ನಿಧಾನವಾಗುತ್ತದೆ, ಬೇಕಾದರೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ನಕ್ಷತ್ರಮಂಡಲದಲ್ಲಿ ನಡೆದ ಕಾಳಗ ಹೀಗೆ ಹಿಗ್ಗಿ ಸುಮಾರು 21 ಗಂಟೆ ನಡೆಯಿತು. ಗುಂಡು ಹಾರಿಸಲು ಆಜ್ಞೆ ಕೊಟ್ಟು, ಚಹಾ ಕುಡಿದು ಬಂದು ಅದು ತಾಗಿತೇ ಎಂದು ನೋಡುವ ಕಾಳಗ. ಆದರೂ ಅಲ್ಲಿ ಸೋತವನು ಯುದ್ಧದಲ್ಲೇ ಸೋತ. ಅವನ ಆಜ್ಞೆಗೂ ಎದುರಾಳಿಯ ಆಜ್ಞೆಗೂ ಒಂದೇ ಗಡಿಯಾರವಿತ್ತು.

ಎಲ್ಲರೂ ನಿಧಾನವಾದರೆ ಯಾರೂ ಹಿಂದೆ ಬೀಳುವುದಿಲ್ಲ ಎಂಬುದು ಕೇಳಲು ಹಿತವಾದ ಮಾತು. ಆದರೆ 21 ಗಂಟೆ ಕೂರಬಲ್ಲವರು ಯಾರು? ಬೆಳಗ್ಗೆ ಪಾಳಿಗೆ ಹೋಗಬೇಕಾದವಳು ಎದ್ದು ಹೋಗಲೇಬೇಕು. ಯಂತ್ರದ ಅಸಮಾನತೆಯನ್ನು ಬಾಗಿಲಿನಿಂದ ಹೊರಹಾಕಿದರೆ ಬಿಡುವಿನ ಅಸಮಾನತೆ ಕಿಟಕಿಯಿಂದ ಒಳಗೆ ಬಂದು ಕೂತಿತು. ಈ ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ನಾನು ಈಗಲೂ ನಿಧಾನದ ಕಡೆಗೇ. ಎದ್ದು ಹೋದವಳಿಗೆ ತಾನು ಎದ್ದು ಹೋದದ್ದು ಗೊತ್ತಿರುತ್ತದೆ, ಉಳಿದವರಿಗೂ ಗೊತ್ತಿರುತ್ತದೆ. ಯಾರೂ ಅವಳನ್ನು ಮಂದಮತಿ ಎನ್ನುವುದಿಲ್ಲ.

ಹಿಂದೆ ಬಿದ್ದವರಿಗಾಗಿ ಎಷ್ಟು ದಿನ ಕಾಯಬೇಕು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಪ್ಲೇಸ್ಟೇಷನ್ 3ರ ಮಿತಿಯೊಳಗೇ ಎಲ್ಲವೂ ಇರಬೇಕಾದ್ದರಿಂದ ಮೇಲಿನ ಆಟದಲ್ಲಿ ಮಾಡಲಾಗದ್ದು ಬಹಳವಿತ್ತು, ಹೊಸ ಯಂತ್ರದವರ ಗೊಣಗಾಟವೂ ಇತ್ತು. 2017ರಲ್ಲಿ ಕಂಪನಿ ಹಳೆಯ ಯಂತ್ರಕ್ಕೆ ವಿದಾಯ ಹೇಳಿತು. ಹೇಳುವ ಮೊದಲು ಹಳಬರಿಗೆ ಆಟದ ಹೊಸ ಆವೃತ್ತಿಯನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತ್ತು. ಆಟ ಉಚಿತ, ಯಂತ್ರ ಉಚಿತವಲ್ಲ. ಇದನ್ನು ಅನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. 11 ವರ್ಷದ ಹಿಂದಿನ ಪೆಟ್ಟಿಗೆಗಾಗಿ ಒಂದು ಲೋಕವನ್ನು ಎಂದೆಂದಿಗೂ ಕುಗ್ಗಿಸಿಡಲಾಗದು. ಆದರೂ ಅವತ್ತು ಹಣವಿಲ್ಲದೆ ಉಳಿದವನೊಬ್ಬ ನಾಲ್ಕು ವರ್ಷ ಜೊತೆಗೆ ಓಡಾಡಿದವರಿಗೆ ಏನು ಹೇಳಿ ಹೊರಟಿರಬಹುದು?

ಮಾಟ್ಸ್ ಸ್ಟೇನ್ ಎಂಬ ನಾರ್ವೆಯ ಹುಡುಗನ ಬದುಕಿನ ಮೇಲೆ 2024ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಡುಷೆನ್ ಎಂಬ ಸ್ನಾಯು ಸವೆಯುವ ಕಾಯಿಲೆ ಅವನಿಗೆ. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಆಡುತ್ತಿದ್ದದ್ದು ಬೆರಳುಗಳಷ್ಟೇ, ಅವಕ್ಕೆ ಹೊಂದುವಂತೆ ಮಾಡಿಸಿದ ವಿಶೇಷ ಸಲಕರಣೆಗಳಿಂದ ಅವನು ವಾರ್‌ಕ್ರಾಫ್ಟ್ ಲೋಕದಲ್ಲಿ ಇಬೆಲಿನ್ ಎಂಬ ಗಟ್ಟಿಮೈಯ ವೇಷದಲ್ಲಿ ಓಡಾಡುತ್ತಿದ್ದ. ಮಗ ಒಂಟಿಯಾಗಿಯೇ ಹೋದ ಎಂದುಕೊಂಡಿದ್ದ ಅಪ್ಪ ಅಮ್ಮ ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಬರೆದಾಗ, ಕಂಡು ಕೇಳದ ಜನರಿಂದ ಪತ್ರಗಳು ಬರತೊಡಗಿದವು. ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೇ ಬಂದರು. ತನ್ನ ಕಾಯಿಲೆಯನ್ನು ಅವನು ಬಹುಕಾಲ ಅವರಿಗೆ ಹೇಳಿರಲಿಲ್ಲ.

ಈ ಕತೆ ಬಂದಾಗ ಎಲ್ಲರೂ ಮಾತಾಡಿದ್ದು ಗೆಳೆತನದ ಬಗ್ಗೆ, ಅದು ಸರಿಯೇ. ನನ್ನ ಗಮನ ಆ ಸಲಕರಣೆಗಳ ಮೇಲೆ ಹೋಯಿತು. ಬೆರಳಿನ ಅಷ್ಟು ಸಣ್ಣ ಚಲನೆಯನ್ನು ಹಿಡಿದು, ತಡಮಾಡದೆ, ಒಂದು ಪೂರ್ತಿ ದೇಹದ ನಡಿಗೆಯನ್ನಾಗಿ ಮಾಡಿಕೊಡುತ್ತಿದ್ದ ಯಂತ್ರವನ್ನು ಐಷಾರಾಮ ಎನ್ನುವವರು ಯಾರೂ ಇರಲಿಕ್ಕಿಲ್ಲ. ಹಾಗಿದ್ದರೆ ನಮ್ಮ ಹಾಸ್ಟೆಲಿನ ವೈದ್ಯನ ಡಬ್ಬವನ್ನು ಮಾತ್ರ ಶೋಕಿಯ ಖಾತೆಗೆ ಯಾಕೆ ಬರೆಯುತ್ತೇವೆ? ಆಟದೊಳಗೆ ಬಂದ ಕೂಡಲೇ ಇಬೆಲಿನ್ ಮಾಡುತ್ತಿದ್ದ ಮೊದಲ ಕೆಲಸವನ್ನು ಅವನ ತಂಡದವರು ನೆನೆಸಿಕೊಂಡಿದ್ದಾರೆ. ಯಾರೊಂದಿಗೂ ಮಾತಿಲ್ಲದೆ, ಯಾವ ರಾಕ್ಷಸನನ್ನೂ ಹುಡುಕದೆ, ಅವನು ಆ ಲೋಕದಲ್ಲಿ ಒಂದು ಸುತ್ತು ಓಡಿ ಬರುತ್ತಿದ್ದ.